ಉಕ್ಕಿನ ಚಕ್ರಗಳ ಮೇಲೆ ಏಳು ನಿಮಿಷ

ಹಿಪ್‌ಹಾಪ್ ಹುಟ್ಟಿ ಆರು ವರ್ಷ ಕಳೆದರೂ ಅದನ್ನು ಅಂಗಡಿಯಲ್ಲಿ ಕೊಳ್ಳುವಂತಿರಲಿಲ್ಲ. 1973ರಿಂದ 1979ರವರೆಗೆ ಅದು ಕೇಳಿಬಂದದ್ದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಪಾರ್ಕುಗಳಲ್ಲಿ, ಶಾಲೆಯ ಅಂಗಳಗಳಲ್ಲಿ, ಕೈಯಿಂದ ಕೈಗೆ ದಾಟುತ್ತಿದ್ದ ಕ್ಯಾಸೆಟ್ಟುಗಳಲ್ಲಿ. ಆ ದಿನಗಳಲ್ಲಿ ಜನರನ್ನು ಸೆಳೆಯುತ್ತಿದ್ದದ್ದು ಡಿಜೆಯ ಹೆಸರು. ಮೈಕ್ ಹಿಡಿದವನು ಅವನ ಜೊತೆಗಾರ. ಇವತ್ತು ಹಿಪ್‌ಹಾಪ್ ಎಂದರೆ ರ್‍ಯಾಪ್ ಎಂಬುದು ಕನ್ನಡದ ಕೇಳುಗರಲ್ಲೂ ಗಟ್ಟಿಯಾದ ತಿಳಿವಳಿಕೆ. ಈ ತಿರುವಿಗೆ ಕಾರಣವಾದ ರೆಕಾರ್ಡ್ 1979ರ ‘ರ್‍ಯಾಪರ್ಸ್ ಡಿಲೈಟ್’. ಆದರೆ ಬ್ರಾಂಕ್ಸ್‌ನ ಆ ಆರು ವರ್ಷಗಳಲ್ಲಿ ನಿಜಕ್ಕೂ ಏನು ನಡೆಯಿತು ಎಂದು ತಿಳಿಯಬೇಕಾದರೆ ಕೇಳಬೇಕಾದದ್ದು ಎರಡು ವರ್ಷ ತಡವಾಗಿ ಬಂದ, ಅದರ ಕಾಲುಭಾಗದಷ್ಟೂ ಹೆಸರು ಮಾಡದ ಇನ್ನೊಂದನ್ನು: ‘ದಿ ಅಡ್ವೆಂಚರ್ಸ್ ಆಫ್ ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್ ಆನ್ ದ ವೀಲ್ಸ್ ಆಫ್ ಸ್ಟೀಲ್’.

1973ರ ಆಗಸ್ಟ್ 11ರಂದು ಸೆಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲಿ ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ, ಶಾಲೆ ಶುರುವಾಗುವ ಮುನ್ನ ಹೊಸ ಬಟ್ಟೆಗೆ ಕಾಸು ಹೊಂದಿಸಲು ಒಂದು ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ರೆಕಾರ್ಡ್ ಹಾಕಿದವನು ಅವಳ ಅಣ್ಣ ಕ್ಲೈವ್. ಜಮೈಕಾದ ಕಿಂಗ್‌ಸ್ಟನ್‌ನಿಂದ 1967ರಲ್ಲಿ ಬಂದು, ಕೂಲ್ ಹರ್ಕ್ ಎಂದು ಹೆಸರಾದವನು. ಹಿಪ್‌ಹಾಪ್‌ನ ಹುಟ್ಟುಹಬ್ಬವನ್ನು ಅದೇ ದಿನ ಆಚರಿಸುತ್ತಾರೆ. ಒಂದು ಕಲೆಗೆ ಹೀಗೆ ತಾರೀಖು ಗೊತ್ತುಮಾಡುವುದನ್ನು ನಾನು ಒಪ್ಪಲಾರೆ. ಹರ್ಕ್‌ನ ಹೆಚ್ಚುಗಾರಿಕೆ ಇರುವುದು ಅವನ ಗಮನದಲ್ಲಿ. ಹಾಡಿನ ನಡುವೆ ಉಳಿದ ವಾದ್ಯಗಳೆಲ್ಲ ನಿಂತು ಡ್ರಮ್ ಮಾತ್ರ ಉಳಿಯುವ ಕೆಲವೇ ಸೆಕೆಂಡುಗಳಿಗಾಗಿ, ಅಂದರೆ ‘ಬ್ರೇಕ್’ಗಾಗಿ, ಕುಣಿಯುವವರು ಕಾದು ನಿಲ್ಲುತ್ತಾರೆ ಎಂಬುದನ್ನು ಅವನು ಕಂಡ. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಇಲ್ಲಿ ಬ್ರೇಕ್ ಮುಗಿಯುತ್ತಿದ್ದಂತೆ ಅಲ್ಲಿ ಶುರುಮಾಡಿ, ಆ ಕೆಲವು ಸೆಕೆಂಡುಗಳನ್ನು ನಿಮಿಷಗಟ್ಟಲೆ ಹಿಗ್ಗಿಸಿದ. ಆ ಹೊತ್ತಿಗೆ ಕುಣಿಯುತ್ತಿದ್ದವರೇ ಬಿ-ಬಾಯ್‌ಗಳು, ಬಿ-ಗರ್ಲ್‌ಗಳು.

ಕ್ರಾಸ್ ಬ್ರಾಂಕ್ಸ್ ಹೆದ್ದಾರಿ ವಸತಿಗಳನ್ನು ಸೀಳಿಹಾಕಿದ್ದು, ಎಪ್ಪತ್ತರ ದಶಕದಲ್ಲಿ ಬೀದಿಗೆ ಬೀದಿಯೇ ಸುಟ್ಟುಹೋದದ್ದು, ಎಲ್ಲವೂ ನಿಜ. ಆದರೆ ಬಡತನವೇ ಈ ಸಂಗೀತವನ್ನು ಹುಟ್ಟಿಸಿತು ಎಂದು ಬರೆಯುವವರು ಆ ಹುಡುಗರ ಕಲಿಕೆಗೆ ಅನ್ಯಾಯ ಮಾಡುತ್ತಾರೆ. ಬಾರ್ಬಡೋಸ್‌ನಲ್ಲಿ ಹುಟ್ಟಿದ ಜೋಸೆಫ್ ಸ್ಯಾಡ್ಲರ್, ಅಂದರೆ ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್, ವೃತ್ತಿಶಿಕ್ಷಣದ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದವನು. ಹರ್ಕ್ ಮುಳ್ಳನ್ನು ಅಂದಾಜಿನಲ್ಲಿ ಇಳಿಸುತ್ತಾನೆ, ಒಂದರಿಂದ ಇನ್ನೊಂದಕ್ಕೆ ಹಾರುವಾಗ ತಾಳ ತಪ್ಪುತ್ತದೆ ಎಂಬುದು ಅವನಿಗೆ ಕೇಳಿಸಿತು. ಅವನು ಬ್ರೇಕ್ ಶುರುವಾಗುವ ಜಾಗಕ್ಕೆ ರೆಕಾರ್ಡಿನ ಮೇಲೆ ಕ್ರೇಯಾನ್‌ನಿಂದ ಗುರುತು ಹಾಕಿ, ಎಷ್ಟು ಸುತ್ತು ಹಿಂದಕ್ಕೆ ತಿರುಗಿಸಿದರೆ ಅಲ್ಲಿಗೆ ಮರಳಬಹುದು ಎಂದು ಎಣಿಸಿಟ್ಟ. ಕೆಳಗಿನ ಚಕ್ರ ಓಡುತ್ತಿದ್ದರೂ ಮೇಲಿನ ರೆಕಾರ್ಡ್ ಬೆರಳಿಗೆ ನಿಲ್ಲುವಂತೆ, ಬಟ್ಟೆಗೆ ಗಂಜಿ ಹಾಕಿ ಬಿಗಿಮಾಡಿ ನಡುವೆ ಹಾಸಿದ. ಜನಕ್ಕೆ ಒಂದು ರೆಕಾರ್ಡ್ ಕೇಳುತ್ತಿರುವಾಗ ಇನ್ನೊಂದನ್ನು ತಾನೊಬ್ಬನೇ ಹೆಡ್‌ಫೋನಿನಲ್ಲಿ ಕೇಳಲು ಸ್ವಿಚ್ ಜೋಡಿಸಿದ. ರೆಕಾರ್ಡಿನ ಮೈ ಮುಟ್ಟಬಾರದು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಅದನ್ನು ಬೆರಳಿನಿಂದಲೇ ನುಡಿಸುವ ವಾದ್ಯ ಮಾಡಿಕೊಂಡ. ಅವನ ಒಡನಾಟದಲ್ಲೇ ಬೆಳೆದ ಹುಡುಗ ಗ್ರಾಂಡ್ ವಿಜಾರ್ಡ್ ಥಿಯೋಡೋರ್, ಮುಳ್ಳಿನ ಕೆಳಗೆ ರೆಕಾರ್ಡನ್ನು ಹಿಂದೆ ಮುಂದೆ ಉಜ್ಜಿ ದನಿ ಹೊರಡಿಸುವ ‘ಸ್ಕ್ರ್ಯಾಚ್’ ಕಂಡುಹಿಡಿದ. ಇದು ಸಾಧನೆಯಿಂದ ಬಂದ ವಿದ್ಯೆ.

ಈ ವಿದ್ಯೆಯ ಸುಳಿವೂ ‘ರ್‍ಯಾಪರ್ಸ್ ಡಿಲೈಟ್’ನಲ್ಲಿಲ್ಲ. ನ್ಯೂಜೆರ್ಸಿಯ ಇಂಗಲ್‌ವುಡ್‌ನಲ್ಲಿ ಶುಗರ್ ಹಿಲ್ ರೆಕಾರ್ಡ್ಸ್ ನಡೆಸುತ್ತಿದ್ದ ಸಿಲ್ವಿಯಾ ರಾಬಿನ್ಸನ್, ಬ್ರಾಂಕ್ಸ್‌ನ ಹೆಸರಾಂತ ತಂಡಗಳನ್ನು ಬಿಟ್ಟು, ಮೂವರು ಹೊಸಬರನ್ನು ಜೊತೆಗೂಡಿಸಿ ಶುಗರ್‌ಹಿಲ್ ಗ್ಯಾಂಗ್ ಕಟ್ಟಿದರು. ಚಿಕ್ ತಂಡದ ‘ಗುಡ್ ಟೈಮ್ಸ್’ ಹಾಡಿನ ಬೇಸ್ ನಡೆಯನ್ನು ಸ್ಟುಡಿಯೋದ ವಾದ್ಯಗಾರರಿಂದ ಮತ್ತೆ ನುಡಿಸಿಸಿದರು. ಡಿಜೆ ಇಲ್ಲ, ಟರ್ನ್‌ಟೇಬಲ್ ಇಲ್ಲ. ಹಿಮ್ಮೇಳವನ್ನು ರಂಗದಿಂದ ಇಳಿಸಿ ವೇಷಗಳನ್ನಷ್ಟೇ ಕುಣಿಸಿದ ಹಾಗೆ. ಹಾಗೆಂದು ಅದು ಸಪ್ಪೆ ರೆಕಾರ್ಡ್ ಅಲ್ಲ. ಹದಿನಾಲ್ಕು ನಿಮಿಷಕ್ಕೂ ಹೆಚ್ಚು ಕಾಲ ಆ ಬೇಸ್ ಎಲ್ಲೂ ಜಗ್ಗುವುದಿಲ್ಲ, ಮೂರು ದನಿಗಳ ಉಲ್ಲಾಸ ಬಾಡುವುದಿಲ್ಲ. ಬಿಲ್‌ಬೋರ್ಡ್ ಹಾಟ್ 100ರಲ್ಲಿ 36ನೇ ಸ್ಥಾನಕ್ಕೇರಿ, ಬ್ರಾಂಕ್ಸ್ ಎಲ್ಲಿದೆ ಎಂದೇ ಗೊತ್ತಿಲ್ಲದವರಿಗೂ ಅದು ತಲುಪಿತು. ಅದರ ಕೊರತೆ ಎಂದರೆ, ತಾನು ಸಾರಿದ ಕಲೆಯನ್ನೇ ಅದು ಅರ್ಧಕ್ಕೆ ಕತ್ತರಿಸಿತು.

ಉಳಿದರ್ಧ 1981ರಲ್ಲಿ, ಅದೇ ಶುಗರ್ ಹಿಲ್‌ನಿಂದಲೇ ಬಂತು; ಆ ಧೈರ್ಯಕ್ಕೆ ಸಿಲ್ವಿಯಾ ಅವರನ್ನು ಮೆಚ್ಚಬೇಕು. ‘ವೀಲ್ಸ್ ಆಫ್ ಸ್ಟೀಲ್’ ಸುಮಾರು ಏಳು ನಿಮಿಷದ್ದು. ಫ್ಲ್ಯಾಶ್ ಇಲ್ಲಿ ಟೇಪು ಕತ್ತರಿಸಿ ಅಂಟಿಸಲಿಲ್ಲ. ಮೂರು ಟರ್ನ್‌ಟೇಬಲ್‌ಗಳನ್ನು ನೇರವಾಗಿ ನುಡಿಸಿದ, ಒಂದು ಕಡೆ ತಪ್ಪಿದರೆ ಮತ್ತೆ ಮೊದಲಿನಿಂದ. ಶುರುವಿನಲ್ಲೇ ಒಂದು ಮಾತು ಬಾಯಿ ತೆರೆಯುತ್ತದೆ, ಅವನು ಹಿಂದಕ್ಕೆಳೆಯುತ್ತಾನೆ, ಮತ್ತೆ ತೆರೆಯುತ್ತದೆ, ಮತ್ತೆ ಎಳೆಯುತ್ತಾನೆ. ಬಿಟ್ಟಾಗ ಅದು ಮುಂದೆ ಧಾವಿಸುತ್ತದೆ. ಬ್ಲಾಂಡಿ ತಂಡದ ‘ರ್‍ಯಾಪ್ಚರ್’ನಲ್ಲಿ ಡೆಬಿ ಹ್ಯಾರಿ ಇವನನ್ನೇ ಹೊಗಳುವ ಸಾಲು ಬರುತ್ತದೆ; ಆ ಹೊಗಳಿಕೆಯನ್ನೂ ಇವನು ತಾಳವಾಗಿ ತುಂಡರಿಸುತ್ತಾನೆ. ಇನ್‌ಕ್ರೆಡಿಬಲ್ ಬಾಂಗೋ ಬ್ಯಾಂಡಿನ ‘ಅಪಾಚಿ’ ಇದೆ, ಹರ್ಕ್ ತನ್ನ ಪಾರ್ಟಿಗಳಲ್ಲಿ ಬೆಳೆಸಿದ ಬ್ರೇಕ್.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ‘ಗುಡ್ ಟೈಮ್ಸ್’ ಮತ್ತು ಕ್ವೀನ್ ತಂಡದ ‘ಅನದರ್ ಒನ್ ಬೈಟ್ಸ್ ದ ಡಸ್ಟ್’ ಒಂದೇ ಎಳೆಯಲ್ಲಿ ಸೇರುವ ಭಾಗ. ಕ್ವೀನ್‌ನ ಬೇಸ್ ನಡೆ ಚಿಕ್‌ನಿಂದ ಪ್ರೇರಣೆ ಪಡೆದದ್ದು. ಬಿಳಿಯರ ರಾಕ್, ಕರಿಯರ ಡಿಸ್ಕೋ ಎಂದು ರೇಡಿಯೋಗಳು ಬೇರ್ಪಡಿಸಿದ್ದ ಎರಡನ್ನು ಅಕ್ಕಪಕ್ಕ ಇಟ್ಟು, ಇವು ಒಂದೇ ಮನೆಯವು ಎಂದು ಫ್ಲ್ಯಾಶ್ ಕೈಯಿಂದಲೇ ತೋರಿಸುತ್ತಾನೆ. ಯಾವ ಲೇಖನವೂ ಇಷ್ಟು ಚುರುಕಾಗಿ ಇದನ್ನು ಹೇಳಿಲ್ಲ. ಶುಗರ್‌ಹಿಲ್ ಗ್ಯಾಂಗಿನ ‘ಏಟ್ತ್ ವಂಡರ್’ ಕೂಡ ಅವನ ಬೆರಳಿನ ಕೆಳಗೆ ಬರುತ್ತದೆ: ಡಿಜೆಯನ್ನು ಹೊರಗಿಟ್ಟ ತಂಡ ಡಿಜೆಯ ಕೈಯಲ್ಲಿ ಕಚ್ಚಾ ಸಾಮಗ್ರಿ. ನಡುವೆ ಮಗು ಕತೆ ಹೇಳೆಂದು ಕೇಳುವ ಮಾತಿನ ತುಣುಕು ಮಾತ್ರ ಓಟಕ್ಕೆ ಅಡ್ಡ ಬರುತ್ತದೆ. ಕುಣಿಯುವವನ ಕಾಲು ಅಲ್ಲಿ ನಿಲ್ಲುತ್ತದೆ.

ಮರುವರ್ಷ ಬಂದ ‘ದ ಮೆಸೇಜ್’ ದೊಡ್ಡ ರೆಕಾರ್ಡ್, ನಗರದ ನೋವನ್ನು ನೇರವಾಗಿ ಹೇಳಿದ್ದು. ಆದರೆ ಅದು ಡ್ಯೂಕ್ ಬೂಟಿ ಮತ್ತು ಮೆಲ್ಲಿ ಮೆಲ್ ಎಂಬ ರ್‍ಯಾಪರ್‌ಗಳ ಕೆಲಸ. ಮುಖಪುಟದಲ್ಲಿ ಫ್ಲ್ಯಾಶ್‌ನ ಹೆಸರಿದೆ, ಒಳಗೆ ಅವನ ಕೈ ಇಲ್ಲ.

ಒಂದು ಪ್ರಶ್ನೆ ಎದುರಿಸಲೇಬೇಕು. ‘ರ್‍ಯಾಪರ್ಸ್ ಡಿಲೈಟ್’ನಲ್ಲಿ ಶುಗರ್‌ಹಿಲ್ ಗ್ಯಾಂಗಿನ ಬಿಗ್ ಬ್ಯಾಂಕ್ ಹ್ಯಾಂಕ್ ಹೇಳುವ ಪ್ರಾಸಗಳು ಬ್ರಾಂಕ್ಸ್‌ನ ಗ್ರಾಂಡ್‌ಮಾಸ್ಟರ್ ಕ್ಯಾಜ್ ಬರೆದವು. ಅದನ್ನು ತಪ್ಪೆನ್ನುವುದಾದರೆ ಕ್ವೀನ್‌ನ ಬೇಸನ್ನು ಎತ್ತಿಕೊಂಡ ಫ್ಲ್ಯಾಶ್ ಹೇಗೆ ಸರಿ? ನ್ಯಾಯಾಲಯಗಳು ಈ ಭೇದ ಮಾಡಲಿಲ್ಲ; ರ್‍ಯಾಪರ್ ಬಿಜ್ ಮಾರ್ಕಿ ವಿರುದ್ಧದ 1991ರ ತೀರ್ಪಿನ ನಂತರ ಪ್ರತಿ ತುಣುಕಿಗೂ ಅನುಮತಿ ಕೊಳ್ಳಬೇಕಾಗಿ, ಇಂಥ ರೆಕಾರ್ಡ್ ಮಾಡುವುದೇ ದುಬಾರಿಯಾಯಿತು. ನಾನು ಭೇದ ಮಾಡುತ್ತೇನೆ. ಫ್ಲ್ಯಾಶ್‌ನ ಕಲೆ ನಿಲ್ಲುವುದೇ ಕೇಳುಗ ಮೂಲವನ್ನು ಗುರುತಿಸುವುದರ ಮೇಲೆ. ಗುರುತು ಸಿಕ್ಕಾಗಲೇ ಜನ ಕೂಗುವುದು. ಹ್ಯಾಂಕ್‌ನ ಪ್ರಾಸ ನಡೆದದ್ದು ಮೂಲ ಯಾರಿಗೂ ತಿಳಿಯದಿದ್ದುದರಿಂದ. ಚಿಕ್‌ನ ನೈಲ್ ರಾಡ್ಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಕಾನೂನಿನ ಎಚ್ಚರಿಕೆ ಕೊಟ್ಟು ತಮ್ಮ ಹೆಸರು ಹಾಕಿಸಿಕೊಂಡರು. ಕ್ಯಾಜ್‌ನ ಆಗಿನ ಹೆಸರು, ಕ್ಯಾಸನೋವಾ ಫ್ಲೈ, ಆ ಹಾಡಿನೊಳಗೆ ಹ್ಯಾಂಕ್‌ನ ಬಾಯಲ್ಲಿ ಅಕ್ಷರ ಬಿಡಿಸಿ ಕೇಳಿಸುತ್ತದೆ, ಬರೆದವರ ಪಟ್ಟಿಗೆ ಮಾತ್ರ ಅದು ಸೇರಲಿಲ್ಲ.