ಅಂಟುಂಡೆಗಳಿಗೆ ಎಷ್ಟು ಅಂಕ?

'ವರ್ಲ್ಡ್ ಆಫ್ ಗೂ' 2008ರಲ್ಲಿ ನಿಂಟೆಂಡೊ ಕಂಪನಿಯ ವೀ ಕನ್ಸೋಲ್‌ಗೆ ಬಂದ ಪುಟ್ಟ ವಿಡಿಯೋ ಆಟ. ಇದನ್ನು ಮುಖ್ಯವಾಗಿ ರೂಪಿಸಿದವರು ಕೈಲ್ ಗ್ಯಾಬ್ಲರ್ ಮತ್ತು ರಾನ್ ಕಾರ್ಮೆಲ್ ಎಂಬ ಇಬ್ಬರೇ. ಅಂಟುಂಡೆಗಳನ್ನು ಒಂದಕ್ಕೊಂದು ಜೋಡಿಸಿ ಗೋಪುರ, ಸೇತುವೆಗಳನ್ನು ಕಟ್ಟಬೇಕು. ಉಳಿದ ಉಂಡೆಗಳನ್ನು ಕೊಳವೆಗೆ ಮುಟ್ಟಿಸಬೇಕು. ಕೊಂಡಿಗಳು ಸ್ಪ್ರಿಂಗಿನಂತೆ ಹಿಗ್ಗುತ್ತವೆ, ಕುಗ್ಗುತ್ತವೆ. ಬರೀ ಚೌಕಗಳಿಂದ ಕಟ್ಟಿದ ಗೋಪುರ ಓಲಾಡಿ ಕುಸಿಯುತ್ತದೆ. ಕರ್ಣವೊಂದನ್ನು ಸೇರಿಸಿ ತ್ರಿಭುಜಗಳಾಗಿಸಿದರೆ ನಿಲ್ಲುತ್ತದೆ. ಗುರುತ್ವ ಕೇಂದ್ರ ತಳದಿಂದಾಚೆ ಸರಿದರೆ ಅದೂ ಉರುಳುತ್ತದೆ. ರೈಲು ಸೇತುವೆಯಲ್ಲಿ ತ್ರಿಭುಜಗಳೇಕೆ ಎಂಬುದಕ್ಕೆ ಇಷ್ಟು ಒಳ್ಳೆಯ ಪ್ರಾತ್ಯಕ್ಷಿಕೆ, ಕಪ್ಪುಹಲಗೆಯ ಮೇಲಂತೂ, ಸಿಗದು.

ವಿಮರ್ಶೆಗಳನ್ನು ಕ್ರೋಡೀಕರಿಸುವ ಮೆಟಾಕ್ರಿಟಿಕ್ ಇದಕ್ಕೆ 100ಕ್ಕೆ 94 ಅಂಕ ಕೊಟ್ಟಿತು. ಸಂತೋಷವೇ. ಆದರೆ ಆ ಅಂಕ ಅಳೆದದ್ದು ಏನನ್ನು? ಸರಾಸರಿಯಲ್ಲಿ ಯಾವ ಪತ್ರಿಕೆಗೆ ಎಷ್ಟು ತೂಕ ಎಂಬುದನ್ನು ಆ ಸಂಸ್ಥೆ ಬಹಿರಂಗಪಡಿಸುವುದಿಲ್ಲ. ಪ್ರಯೋಗದ ದಾಖಲೆ ಪುಸ್ತಕದಲ್ಲಿ ವಿದ್ಯಾರ್ಥಿಯೊಬ್ಬ ಹೀಗೆ ಉತ್ತರ ಬರೆದರೆ ಒಪ್ಪುತ್ತೇವೆಯೇ? ಜಪಾನಿನ ಫಾಮಿತ್ಸು ಪತ್ರಿಕೆಯಲ್ಲಿ ನಾಲ್ವರು ತಲಾ 10ಕ್ಕೆ ಕೊಡುವ ಅಂಕಗಳು ಬಿಡಿಬಿಡಿಯಾಗಿ ಅಚ್ಚಾಗುತ್ತವೆ. ಭಿನ್ನಾಭಿಪ್ರಾಯವಾದರೂ ಕಣ್ಣಿಗೆ ಕಾಣುತ್ತದೆ.

ಉಂಡೆಗಳು ಮುತ್ತಿಕೊಂಡಾಗ ಬೇಕಾದದ್ದನ್ನೇ ಹಿಡಿಯುವುದು ಕಷ್ಟ. ಅದು ನಿಜವಾದ ಕೊರತೆ. ಬೇಗ ಮುಗಿಯುತ್ತದೆಂದು ಅಂಕ ಕಳೆಯುವುದನ್ನು ಮಾತ್ರ ಒಪ್ಪಲಾರೆ. ಮಿಕ್ಕ ಉಂಡೆಗಳಿಂದ ಎತ್ತರದ ಗೋಪುರ ಕಟ್ಟುವ ಭಾಗವೊಂದೇ ಹಲವು ಸಂಜೆಗಳಿಗೆ ಸಾಕು.