ವೀರನ ಅಳತೆ: ಕಲ್ಲು, ಕಾಳಗ, ಕಪ್ಪಡಿ

ಮೈಸೂರು ಜಿಲ್ಲೆಯ ಪಶ್ಚಿಮದಲ್ಲಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯಲ್ಲಿ ವೀರರ ಕಥೆ ಎರಡು ದಾರಿಯಲ್ಲಿ ನಮ್ಮವರೆಗೆ ಬಂದಿದೆ. ಒಂದು, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಗುಡಿಯ ಅಂಗಳದಲ್ಲಿ ನಿಂತಿರುವ ವೀರಗಲ್ಲು ಮಾಸ್ತಿಕಲ್ಲುಗಳ ದಾರಿ. ಇನ್ನೊಂದು, ನೀಲಗಾರರು, ದೇವರಗುಡ್ಡರು, ತಂಬೂರಿಯವರು ರಾತ್ರಿಯಿಡೀ ಹಾಡುವ ಕಥನಗಳ ದಾರಿ. ಕಲ್ಲು ನೆಡಿಸುವುದು ಭೂಮಿಕಾಣಿ ಉಳ್ಳವರ ಕೆಲಸವಾಗಿತ್ತು. ಹಾಡು ಮನೆಮನೆಗೆ ಹೋಗಿ ಭಿಕ್ಷೆ ಬೇಡುವವರ ಬಾಯಲ್ಲಿತ್ತು. ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ಈ ಸೀಮೆ ಯಾರನ್ನು ವೀರರೆಂದು ಒಪ್ಪಿತು, ಯಾರನ್ನು ಕೈಬಿಟ್ಟಿತು ಎಂಬುದು ತಿಳಿಯುತ್ತದೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಗೆಲುವನ್ನು ವೀರತನದ ಅಳತೆಯಾಗಿ ಇಟ್ಟುಕೊಳ್ಳದೆ ಇದ್ದದ್ದು ಈ ಪರಂಪರೆಯ ಹಿರಿಮೆ. ಸಾವನ್ನೇ ಅಳತೆಯಾಗಿ ಇಟ್ಟುಕೊಂಡದ್ದು ಅದರ ದೊಡ್ಡ ದೋಷ. ಆ ದೋಷಕ್ಕೆ ಮದ್ದೂ ಇದೇ ನೆಲದಲ್ಲಿ ಹುಟ್ಟಿದೆ.

ವೀರಗಲ್ಲಿನ ಕ್ರಮ ನಮಗೆ ಪರಿಚಿತ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಆದರೆ ಚಿತ್ರಕ್ಕಿಂತ ಹೆಚ್ಚು ಹೇಳುವುದು ಆ ಸಾವಿನ ಕಾರಣ. ಶಾಸನಗಳು ಮತ್ತೆ ಮತ್ತೆ ಕೊಡುವ ಕಾರಣಗಳು ಮೂರು: ತುರುಗೋಳ್, ಪೆಣ್ಬುಯ್ಯಲ್, ಊರಳಿವು. ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಲು ಹೋದವನು, ಹೆಣ್ಣಿನ ಮೊರೆ ಕೇಳಿ ಓಡಿದವನು, ಊರಿಗೆ ಬಿದ್ದ ದಾಳಿಗೆ ಅಡ್ಡ ನಿಂತವನು. ಇವರಲ್ಲಿ ಹಲವರು ಅರಸರೂ ಅಲ್ಲ, ದಂಡನಾಯಕರೂ ಅಲ್ಲ. ಊರ ಗೌಡನ ಮಗ, ದನಗಾಹಿ, ಆಳು. ಇವರು ಗೆದ್ದರೋ ಸೋತರೋ ಎಂಬುದನ್ನು ಕಲ್ಲು ಅಷ್ಟಾಗಿ ಲೆಕ್ಕಿಸುವುದಿಲ್ಲ. ಯಾರಿಗಾಗಿ ನಿಂತರು ಎಂಬುದನ್ನು ಲೆಕ್ಕಿಸುತ್ತದೆ. ಸತ್ತವನ ಮನೆಯವರಿಗೆ ಕಲ್ನಾಡು, ನೆತ್ತರುಗೊಡಗೆ ಎಂದು ಭೂಮಿ ಬಿಡುತ್ತಿದ್ದರು. ವೀರನನ್ನು ಹೊಗಳಿದ ಊರು ಅವನ ಮಕ್ಕಳ ಅನ್ನದ ಹೊಣೆಯನ್ನೂ ಹೊತ್ತಿತ್ತು ಎಂಬುದನ್ನು ನಾವು ಗೌರವದಿಂದ ನೆನೆಯಬೇಕು. ಹೊಗಳಿಕೆಯ ಜೊತೆಗೆ ಹೊಣೆ ಹೊರುವ ಆ ಪದ್ಧತಿ ಇಂದಿನ ಸನ್ಮಾನಗಳಲ್ಲಿ ಅಪರೂಪವಾಗಿದೆ.

ಈ ಪರಂಪರೆಯ ಮನಸ್ಸು ಎಷ್ಟು ವಿಶಾಲವಾಗಿತ್ತೆಂದರೆ ಮನುಷ್ಯರಲ್ಲದವರಿಗೂ ಅದು ಕಲ್ಲು ನಿಲ್ಲಿಸಿತು. ಪಕ್ಕದ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರ ಸುಮಾರಿಗೆ ಮಣಲೆರ ಎಂಬ ಯೋಧ ತನ್ನ ಕಾಳಿ ಎಂಬ ನಾಯಿಗೆ ಕಲ್ಲು ಹಾಕಿಸಿದ. ತಕ್ಕೋಲದ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಮೆಚ್ಚಿದ ಗಂಗರ ಬೂತುಗ ಏನು ಬೇಕೆಂದು ಕೇಳಿದಾಗ ಮಣಲೆರ ಕೇಳಿದ್ದು ಆ ನಾಯಿಯನ್ನು. ಕಾಡುಹಂದಿಯೊಡನೆ ಕಾದಾಡಿ ಕಾಳಿ ಸತ್ತಿತು, ಹಂದಿಯೂ ಸತ್ತಿತು. ನಾಯಿಯ ಹೆಸರಿನ ಕಲ್ಲಿಗೆ ಪೂಜೆ ನಡೆಯಲೆಂದು ಭೂಮಿಯನ್ನೂ ಬಿಟ್ಟರು. ನಿಷ್ಠೆಗೆ ಜಾತಿಯಿಲ್ಲ, ಕುಲವಿಲ್ಲ ಎಂಬ ನಂಬಿಕೆ ಅಲ್ಲಿದೆ.

ಹೆಣ್ಣಿನ ವಿಷಯಕ್ಕೆ ಬಂದಾಗ ಅದೇ ಪರಂಪರೆ ತನ್ನ ಅಳತೆಯನ್ನೇ ಬದಲಿಸಿಬಿಡುತ್ತದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ಕ್ರಿ.ಶ. 1057ರ ದೇಕಬ್ಬೆಯ ಶಾಸನವಿದೆ. ದೇಕಬ್ಬೆ ನುಗುನಾಡಿನ ರವಿಗನ ಮಗಳು, ನವಲೆನಾಡಿನ ಒಡೆಯ ಏಚನ ಹೆಂಡತಿ. ಏಚ ಮಲ್ಲಯುದ್ಧದಲ್ಲಿ ಅರಸನ ದಾಯಾದಿಯೊಬ್ಬನನ್ನು ಕೊಂದ. ಅದಕ್ಕಾಗಿ ಅವನನ್ನು ತಲಕಾಡಿಗೆ ಒಯ್ದು ಕೊಲ್ಲಿಸಿದರು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ಬೀಳಲು ನಿಶ್ಚಯಿಸಿದಳು. ತಂದೆ ತಾಯಿ, ನೆಂಟರಿಷ್ಟರು ಬೇಡಿಕೊಂಡರೂ ಕೇಳದೆ, ದಾನಧರ್ಮ ಮಾಡಿ ಅಗ್ನಿಗೆ ಹೋದಳು. ಸಾಹಿತ್ಯ ಚರಿತ್ರೆ ಈ ಶಾಸನವನ್ನು ಅದರ ಕಾವ್ಯಗುಣಕ್ಕಾಗಿ ಮೆಚ್ಚುತ್ತ ಬಂದಿದೆ. ಆ ಮೆಚ್ಚುಗೆ ನ್ಯಾಯವಾದದ್ದೇ. ಹೆತ್ತವರ ಗೋಳು, ಮಗಳ ಹಟ, ಎರಡೂ ಅಲ್ಲಿ ಜೀವಂತವಾಗಿವೆ.

ಆದರೆ ಕಾವ್ಯ ಚೆನ್ನಾಗಿದೆ ಎಂದು ಪ್ರಶ್ನೆಯನ್ನು ಬಿಡಲಾಗದು. ದನ ಬಿಡಿಸಲು ಹೋಗಿ ಸತ್ತವನಿಂದ ದನ ಉಳಿಯಿತು, ಊರು ಉಳಿಯಿತು. ದೇಕಬ್ಬೆಯ ಸಾವಿನಿಂದ ಉಳಿದದ್ದು ಏನು? ಅನ್ಯಾಯ ಮಾಡಿದವನು ಅರಸ. ಅವನನ್ನು ಪ್ರಶ್ನಿಸುವ ಒಂದು ದನಿಯೂ ಇಲ್ಲದ ಕಡೆ ಹೆಣ್ಣೊಬ್ಬಳ ದೇಹ ಆ ಅನ್ಯಾಯದ ಬೆಲೆಯನ್ನು ತೆತ್ತಿತು. ಶಾಸನ ಅದನ್ನು ಕೀರ್ತಿ ಎಂದಿತು. ಅವಳ ಧೈರ್ಯವನ್ನು ಅಲ್ಲಗಳೆಯುವ ಹಕ್ಕು ನನಗಿಲ್ಲ. ಆ ಧೈರ್ಯಕ್ಕೆ ಬೆಂಕಿಯೊಂದನ್ನೇ ದಾರಿಯಾಗಿ ತೋರಿಸಿದ ಪರಂಪರೆಯನ್ನು ಒಪ್ಪಲಾರೆ.

ಹಾಡಿನ ಪರಂಪರೆ ಇದಕ್ಕಿಂತ ದಿಟ್ಟವಾದದ್ದು, ಆದರೆ ಅದೂ ಈ ದೋಷದಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ. ‘ಪಿರಿಯಾಪಟ್ಟಣದ ಕಾಳಗ’ ಎಂಬ ಜನಪದ ಹಾಡು ಇದಕ್ಕೆ ಒಳ್ಳೆಯ ಉದಾಹರಣೆ. 1640ರ ದಶಕದಲ್ಲಿ ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರ ಸೈನ್ಯ ಚೆಂಗಾಳ್ವರ ಪಿರಿಯಾಪಟ್ಟಣವನ್ನು ಮುತ್ತಿತು. ಮುಪ್ಪಾಗಿದ್ದ ಅಲ್ಲಿನ ಅರಸ ನಂಜುಂಡರಾಜ ಕೋಟೆ ಬಿಟ್ಟು ಹೋದ. ಮಗ ವೀರರಾಜ ಉಳಿದು ಕಾದಾಡಿ ಮಡಿದ. ಚೆಂಗಾಳ್ವರ ಆಳ್ವಿಕೆ ಅಲ್ಲಿಗೆ ಮುಗಿಯಿತು. ಚರಿತ್ರೆಯಲ್ಲಿ ಗೆದ್ದವನು ರಣಧೀರ. ಅವನ ಶೌರ್ಯದ ಕಥೆಗಳನ್ನು ಅರಮನೆಯ ಚರಿತ್ರೆಗಳು ಬೆಳೆಸಿದವು. 1960ರಲ್ಲಿ ರಾಜ್‌ಕುಮಾರ್ ಅಭಿನಯದ ‘ರಣಧೀರ ಕಂಠೀರವ’ ಸಿನಿಮಾ ಅವನನ್ನು ಕನ್ನಡಿಗರ ಮನೆಮನೆಗೆ ತಲುಪಿಸಿತು. ಆದರೆ ಜನಪದ ಗಾಯಕರು ಕಾಳಗದ ಕಥೆಯಲ್ಲಿ ಸೋತವನ ಪಕ್ಕ ನಿಂತರು. ಕೋಟೆ ಬಿದ್ದ ಊರು, ಒಡೆಯನನ್ನು ಕಳೆದುಕೊಂಡ ಊರು, ತನ್ನ ನೋವನ್ನು ತಾನೇ ಹಾಡಿಕೊಂಡಿತು. ಮೈಸೂರಿನ ಆಳ್ವಿಕೆಯಲ್ಲೇ ಇದ್ದುಕೊಂಡು ಮೈಸೂರಿಗೆ ಸೋತವನನ್ನು ಶತಮಾನಗಳ ಕಾಲ ನಾಯಕನನ್ನಾಗಿ ಉಳಿಸಿಕೊಳ್ಳುವುದು ಸಣ್ಣ ಮಾತಲ್ಲ. ಯಾವ ಆಸ್ಥಾನ ಕವಿಯೂ ಮಾಡದ ಕೆಲಸವದು.

ಅದೇ ವೀರರಾಜನ ಬಗ್ಗೆ ಇನ್ನೊಂದು ಸಂಗತಿಯನ್ನು ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ಇನ್ನು ಕೋಟೆ ನಿಲ್ಲದೆಂದು ಗೊತ್ತಾದಾಗ ಅವನು ತನ್ನ ಹೆಂಡಿರು ಮಕ್ಕಳನ್ನು ಕೊಂದು ಆಮೇಲೆ ಯುದ್ಧಕ್ಕೆ ನಡೆದ. ಶತ್ರುವಿನ ಕೈಗೆ ಸಿಗಬಾರದೆಂಬ ಕಾರಣವನ್ನು ಅಂದಿನ ಕಾಲ ಒಪ್ಪಿತು. ನಾವು ಒಪ್ಪಬೇಕಾಗಿಲ್ಲ. ಬೇರೆಯವರನ್ನು ಉಳಿಸಲು ತನ್ನ ಪ್ರಾಣ ಕೊಟ್ಟವನು ವೀರ ಎಂದು ಕಲಿಸಿದ ಪರಂಪರೆಯೇ, ತನ್ನ ಮಾನ ಉಳಿಸಿಕೊಳ್ಳಲು ಬೇರೆಯವರ ಪ್ರಾಣ ತೆಗೆದದ್ದನ್ನೂ ವೀರತನದೊಳಗೆ ಸೇರಿಸಿಕೊಂಡಿತು. ಇಲ್ಲಿ ಅದು ತಾನೇ ಹಾಕಿಕೊಂಡ ನಿಯಮವನ್ನು ತಾನೇ ಮುರಿಯಿತು.

ರಣಧೀರನ ಕಾಲದ ಇನ್ನೊಂದು ಕಥೆಯನ್ನು ಮಾಸ್ತಿ ವೆಂಕಟೇಶ ಅಯ್ಯಂಗಾರ್ ‘ಕಾಕನಕೋಟೆ’ ನಾಟಕವಾಗಿಸಿದರು. ಸಿ.ಆರ್. ಸಿಂಹ 1977ರಲ್ಲಿ ಅದನ್ನು ಸಿನಿಮಾ ಮಾಡಿದರು. ಹೆಗ್ಗಡದೇವನಕೋಟೆಯ ಕಾಡುಕುರುಬರ ಮುಖಂಡ ಕಾಚ, ಹೆಗ್ಗಡೆಯ ಕಪ್ಪ ಕಾಣಿಕೆಯ ದಬ್ಬಾಳಿಕೆ, ದೂರದ ಅರಸನ ನ್ಯಾಯ, ಈ ಮೂರರ ನಡುವೆ ಕಥೆ ನಡೆಯುತ್ತದೆ. ಕಾಡಿನವನೊಬ್ಬನನ್ನು ಕನ್ನಡ ರಂಗಭೂಮಿಯ ನಡುಮಧ್ಯಕ್ಕೆ ತಂದು, ಅವನ ಮಾತಿಗೂ ಬುದ್ಧಿಗೂ ಘನತೆ ಕೊಟ್ಟದ್ದಕ್ಕೆ ಮಾಸ್ತಿಯವರಿಗೆ ನಾವು ಋಣಿಗಳು. ಕೆಟ್ಟವನು ನಡುವಿನ ಅಧಿಕಾರಿ, ಒಳ್ಳೆಯವನು ಅರಸ ಎಂಬ ನಂಬಿಕೆ ಮಾತ್ರ ಆ ನಾಟಕದಲ್ಲಿ ಅಲುಗುವುದಿಲ್ಲ. ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದವರ ಕಣ್ಣಿಗೆ ಹಾಗೆ ಕಂಡದ್ದು ಸಹಜ. ಕಾಡಿನವರ ಮುಂದಿನ ಬದುಕು ಬೇರೆಯೇ ಸತ್ಯ ಹೇಳಿತು. 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ ಮುಗಿಯಿತು, ಊರುಗಳು ಮುಳುಗಿದವು. ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಜೇನುಕುರುಬರು, ಬೆಟ್ಟಕುರುಬರು ಹಾಡಿಗಳನ್ನು ಬಿಡಬೇಕಾಯಿತು. ಕಾಪಾಡಲು ಅರಸ ಯಾರೂ ಬರಲಿಲ್ಲ. 1990ರ ದಶಕದಲ್ಲಿ ನಾಗರಹೊಳೆ ಕಾಡಿನೊಳಗೆ ಐಷಾರಾಮಿ ಹೋಟೆಲೊಂದು ಏಳತೊಡಗಿದಾಗ ಹಾಡಿಯ ಜನ ತಾವೇ ಎದ್ದು ನಿಂತರು, ನ್ಯಾಯಾಲಯಕ್ಕೆ ಹೋದರು. 1997ರಲ್ಲಿ ಹೈಕೋರ್ಟ್ ಆ ಗುತ್ತಿಗೆ ಕಾನೂನಿಗೆ ವಿರುದ್ಧ ಎಂದಿತು. ಕಾಚನ ನಿಜವಾದ ವಾರಸುದಾರರು ಇವರು. ಇವರ ಮೇಲೆ ಕಾಳಗದ ಹಾಡಿನಷ್ಟು ದೊಡ್ಡ ಕಥನ ಇನ್ನೂ ಕನ್ನಡದಲ್ಲಿ ಬಂದಿಲ್ಲ. ಒಬ್ಬನನ್ನು ಮುಂದೆ ನಿಲ್ಲಿಸದೆ ಒಂದು ಸಮುದಾಯವನ್ನೇ ವೀರ ಎಂದು ಹಾಡಲು ನಮ್ಮ ಪರಂಪರೆಗೆ ಇನ್ನೂ ಬಾಯಿ ತಿರುಗಿಲ್ಲ.

ಕೊಲ್ಲದ, ಸಾಯದ ವೀರನನ್ನು ಈ ನೆಲ ಕಂಡೇ ಇಲ್ಲವೆ? ಕಂಡಿದೆ. ಹುಣಸೂರು ಸೀಮೆಯ ಕಲ್ಲಹಳ್ಳಿಯ ಮೂರನೆಯ ಮಂಗರಸ, ಚೆಂಗಾಳ್ವರ ಅಧೀನದಲ್ಲಿದ್ದ ಜೈನ ಪಾಳೆಯಗಾರ ಮನೆತನದವನು, 16ನೆಯ ಶತಮಾನದ ಆರಂಭದಲ್ಲಿ ‘ನೇಮಿಜಿನೇಶ ಸಂಗತಿ’ ಬರೆದ. ಮದುವೆಯ ಔತಣಕ್ಕೆಂದು ಕೂಡಿಹಾಕಿದ ಪ್ರಾಣಿಗಳ ಗೋಳು ಕೇಳಿ ಮದುವೆಯ ದಿಬ್ಬಣವನ್ನೇ ತೊರೆದು ಹೋದ ನೇಮಿನಾಥ ಅಲ್ಲಿಯ ನಾಯಕ. ಕತ್ತಿ ಹಿಡಿಯುವ ಮನೆತನದ ಕವಿಯೊಬ್ಬ ಕತ್ತಿ ಬೇಡವೆಂದವನನ್ನು ನಾಯಕನಾಗಿ ಆರಿಸಿಕೊಂಡ ಎಂಬುದು ಗಮನಿಸಬೇಕಾದ ಸಂಗತಿ.

ಪಂಡಿತರ ಕಾವ್ಯಕ್ಕಿಂತ ಆಳವಾಗಿ ಜನರೊಳಗೆ ಇಳಿದದ್ದು ಮಂಟೇಸ್ವಾಮಿ ಪರಂಪರೆ. ಕೃಷ್ಣರಾಜನಗರ ಸೀಮೆಯಲ್ಲಿ ಕಾವೇರಿ ದಡದ ಕಪ್ಪಡಿಯಲ್ಲಿ ಆ ಪರಂಪರೆಯ ರಾಚಪ್ಪಾಜಿ, ಚನ್ನಾಜಮ್ಮನವರ ಗದ್ದುಗೆಗಳಿವೆ. ಶಿವರಾತ್ರಿಗೆ ಶುರುವಾಗುವ ಜಾತ್ರೆಗೆ ನೀಲಗಾರರು ಒಕ್ಕಲು ಮಕ್ಕಳೊಡನೆ ಬರುತ್ತಾರೆ. ತಂಬೂರಿ, ಡಕ್ಕೆ, ಗಗ್ಗರ, ತಾಳಗಳ ಜೊತೆ ಅವರು ಹಾಡುವ ಸಿದ್ದಪ್ಪಾಜಿಯ ಕಥೆಯಲ್ಲಿ ಯುದ್ಧವಿಲ್ಲ. ಅಕ್ಕಸಾಲಿ, ಕಮ್ಮಾರರ ಕುಲದ ಕೆಂಪಾಚಾರಿಯನ್ನು ಗುರು ಮಂಟೇಸ್ವಾಮಿ 12 ವರ್ಷ ಗವಿಯಲ್ಲಿ ಕೂಡಿಡುತ್ತಾನೆ. ಸಿದ್ದಪ್ಪಾಜಿಯಾಗಿ ಹೊರಬಂದವನಿಗೆ ಗುರು ಕೊಡುವ ಕೆಲಸ ರಾಜ್ಯ ಗೆಲ್ಲುವುದಲ್ಲ, ಹಲಗೂರಿಗೆ ಹೋಗಿ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಕೇಳುವುದು. ಅವರು ಹೀಗಳೆಯುತ್ತಾರೆ, ವಿಷವುಣಿಸುತ್ತಾರೆ, ಪರೀಕ್ಷೆಯ ಮೇಲೆ ಪರೀಕ್ಷೆ ಒಡ್ಡುತ್ತಾರೆ. ಸಿದ್ದಪ್ಪಾಜಿ ತಡೆದುಕೊಳ್ಳುತ್ತಾನೆ, ಹಿಂದೆಗೆಯುವುದಿಲ್ಲ, ಕಡೆಗೆ ಕಬ್ಬಿಣ ಪಡೆದೇ ಬರುತ್ತಾನೆ. ದೊಡ್ಡವರ ಬಾಗಿಲಲ್ಲಿ ನಿಂತು ಅವಮಾನ ನುಂಗಿದ ಎಷ್ಟೋ ತಲೆಮಾರುಗಳ ದಲಿತರು, ಹಿಂದುಳಿದವರು ತಮ್ಮ ಬದುಕಿನ ಗಟ್ಟಿತನವನ್ನು ಈ ಕಥೆಯಲ್ಲಿ ಕಂಡರು. ಇಲ್ಲಿ ವೀರತನ ಒಂದು ದಿನದ ಕಾದಾಟವಲ್ಲ, ಜೀವಮಾನದ ತಾಳಿಕೆ.

ಇದೇ ಸೀಮೆಯಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಲೆ ಮಹದೇಶ್ವರನ ಕಾವ್ಯದ ಸಂಕಮ್ಮ ದೇಕಬ್ಬೆಗೆ ಉತ್ತರದಂತಿದ್ದಾಳೆ. ಬೇಟೆಗೆ ಹೊರಟ ಗಂಡ ನೀಲಯ್ಯ ತಾನಿಲ್ಲದಾಗ ಪತಿವ್ರತೆಯಾಗಿರುವುದಾಗಿ ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಹಿಂಸೆ ಕೊಟ್ಟರೂ ಕೊಡುವುದಿಲ್ಲ. ಅವಳು ಸಾಯುವುದೂ ಇಲ್ಲ. ಮಾದೇವನ ಕರುಣೆಯಿಂದ ಮಕ್ಕಳ ತಾಯಿಯಾಗಿ ಬದುಕುತ್ತಾಳೆ. ಕಲ್ಲು ಕೊರೆದವರಿಗೆ ಕಾಣದ ವೀರೆ ಹಾಡು ಕಟ್ಟಿದವರಿಗೆ ಕಂಡಳು. ಈ ಪರಂಪರೆಯ ಅತ್ಯುತ್ತಮ ಪಾತ್ರ ಅವಳೇ ಎಂದು ನಾನು ನಂಬಿದ್ದೇನೆ.

ಹಳೆಯ ಅಳತೆ ಇಂದಿಗೂ ನಮ್ಮೊಳಗೆ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅರ್ಜುನ ಆನೆಯ ಸಾವು ಸಾಕ್ಷಿ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಯಾಗಿ, ಬಳ್ಳೆ ಶಿಬಿರದಲ್ಲಿ ಬಾಳಿ, 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ಸಲಗವೊಂದರೊಡನೆ ಕಾದಾಡಿ ಸತ್ತಿತು. ನಾಡೇ ಮರುಗಿತು, ಸ್ಮಾರಕ ಬೇಕೆಂದು ಜನ ಕೇಳಿದರು. ಆತಕೂರಿನ ಕಾಳಿಗೆ ಕಲ್ಲು ನಿಲ್ಲಿಸಿದ ಮನಸ್ಸೇ ಇದು, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಅರುವತ್ತು ದಾಟಿದ ಆನೆಯನ್ನು ಅಂಥ ಅಪಾಯಕ್ಕೆ ಏಕೆ ಕಳುಹಿಸಿದರು ಎಂದು ಆಗ ಎದ್ದ ಪ್ರಶ್ನೆ ಕ್ರಮೇಣ ಹೊಗಳಿಕೆಯ ಕೆಳಗೆ ಹೂತುಹೋಯಿತು. ಸಾವನ್ನು ಕೀರ್ತಿಯನ್ನಾಗಿ ಮಾಡಿದಾಗ ಸಾವಿಗೆ ಹೊಣೆ ಯಾರೆಂದು ಕೇಳುವವರು ಇಲ್ಲವಾಗುತ್ತಾರೆ. ದೇಕಬ್ಬೆಯ ಕಲ್ಲಿನಲ್ಲಿ ಆದದ್ದೂ ಇದೇ. ಆನೆಗಳನ್ನು ಪ್ರತಿದಿನ ಮೀಯಿಸಿ, ಮೇಯಿಸಿ, ಕಾಡಾನೆಯ ಎದುರು ಅವುಗಳ ಬೆನ್ನ ಮೇಲೆ ಕೂರುವ ಮಾವುತರು, ಕಾವಾಡಿಗಳು, ಅವರಲ್ಲೂ ಅನೇಕ ಜೇನುಕುರುಬರು, ಬದುಕಿರುವ ಕಾರಣಕ್ಕೇ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಮಂಗರಸನ ಅದೇ ಕಲ್ಲಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಡಿ. ದೇವರಾಜ ಅರಸು ಅವರನ್ನು ಈ ಸೀಮೆ ಇಂದು ತನ್ನ ದೊಡ್ಡ ನಾಯಕನೆಂದು ಹೇಳಿಕೊಳ್ಳುತ್ತದೆ. ಅವರು ಮುಖ್ಯಮಂತ್ರಿಯಾಗಿದ್ದ ಕಾಲದ 1974ರ ಭೂಸುಧಾರಣಾ ತಿದ್ದುಪಡಿ ಗೇಣಿದಾರನಿಗೆ ಅವನು ಉಳುವ ನೆಲದ ಒಡೆತನ ಕೊಟ್ಟಿತು. ತಾಲ್ಲೂಕು ಭೂನ್ಯಾಯಮಂಡಳಿಗಳ ಮುಂದೆ ವಕೀಲರಿಗೆ ಅವಕಾಶವಿಲ್ಲದೆ, ಓದುಬರಹ ಬಾರದ ಒಕ್ಕಲು ತಾನೇ ನಿಂತು ತನ್ನ ಮಾತು ಹೇಳುವಂತಾಯಿತು. ಗೇಣಿ ಹೆಚ್ಚಾಗಿದ್ದ ಕರಾವಳಿ, ಮಲೆನಾಡುಗಳಿಗೆ ಅದರ ಲಾಭ ಹೆಚ್ಚು ಸಿಕ್ಕಿತು. ಇಲ್ಲಿನವರಿಗೆ ಅವರು ಹತ್ತಿರವಾದದ್ದು ಜೀತಮುಕ್ತಿಯಿಂದ, ಹಾವನೂರು ಆಯೋಗದ ವರದಿ ಹಿಂದುಳಿದವರಿಗೆ ತೆರೆದ ಬಾಗಿಲಿನಿಂದ. ಅವರ ರಾಜಕಾರಣದಲ್ಲಿ ಟೀಕೆಗೆ ಅರ್ಹವಾದದ್ದು ಇದೆ. ತುರ್ತುಪರಿಸ್ಥಿತಿಯ ಕಾಲದಲ್ಲೂ ಅವರು ಮುಖ್ಯಮಂತ್ರಿಯಾಗಿದ್ದರು. ಆದರೂ ವೀರಗಲ್ಲಿನ ನಿಜವಾದ ಅಳತೆಯಲ್ಲಿ, ಯಾರಿಗಾಗಿ ನಿಂತರು ಎಂಬ ಅಳತೆಯಲ್ಲಿ, ಅವರು ನಿಲ್ಲುತ್ತಾರೆ. ಅವರ ಸಾಧನೆ ಯಾರ ಸಾವನ್ನೂ ಕೇಳಲಿಲ್ಲ. ಜಯಂತಿಯ ಹಾರ ತುರಾಯಿಗಳಲ್ಲಿ ನಾವು ಮರೆಯುತ್ತಿರುವುದು ಇದನ್ನೇ: ಅವರನ್ನು ನಾಯಕನನ್ನಾಗಿಸಿದ್ದು ಅವರ ಪ್ರತಿಮೆಗಳಲ್ಲ, ಒಕ್ಕಲಿನ ಕೈಗೆ ಬಂದ ಪಹಣಿ ಪತ್ರ.

ಹೀಗಾಗಿ ಈ ಪರಂಪರೆಯನ್ನು ಪೂರ್ತಿ ಹೊತ್ತುಕೊಳ್ಳುವುದೂ ಬೇಡ, ಪೂರ್ತಿ ಬಿಸಾಡುವುದೂ ಬೇಡ. ಅರಸನಲ್ಲದವನನ್ನು, ಸೋತವನನ್ನು, ನಾಯಿಯನ್ನು ಕೂಡ ವೀರರೆಂದು ಗುರುತಿಸಿದ ಅದರ ದೊಡ್ಡ ಮನಸ್ಸನ್ನು ಉಳಿಸಿಕೊಳ್ಳೋಣ. ಬೆಂಕಿಗೆ ಬಿದ್ದವಳನ್ನು ಪೂಜಿಸಿ, ಬೆಂಕಿ ಹಚ್ಚಿದ ವ್ಯವಸ್ಥೆಯನ್ನು ಬಿಟ್ಟುಬಿಡುವ ಅಭ್ಯಾಸವನ್ನು ಕೈಬಿಡೋಣ. ಸಂಕಮ್ಮನನ್ನೂ ಸಿದ್ದಪ್ಪಾಜಿಯನ್ನೂ ಪಠ್ಯದಲ್ಲಿ, ರಂಗದ ಮೇಲೆ, ಮನೆಯ ಮಾತಿನಲ್ಲಿ ಮುಂದಕ್ಕೆ ತರೋಣ. ಈ ನಾಲ್ಕು ತಾಲ್ಲೂಕುಗಳ ಶಾಲಾ ಶಿಕ್ಷಕರಲ್ಲಿ, ಯುವಕ ಸಂಘಗಳಲ್ಲಿ ನನ್ನ ವಿನಂತಿ ಇಷ್ಟು: ಬದುವಿನಲ್ಲಿ ಒರಗಿರುವ ಕಲ್ಲುಗಳನ್ನು ಎತ್ತಿ ನಿಲ್ಲಿಸಿ, ಅವುಗಳ ಮೇಲಿನ ಬರಹವನ್ನು ಮಕ್ಕಳಿಗೆ ಓದಿಸಿ. ಮುಪ್ಪಾಗುತ್ತಿರುವ ನೀಲಗಾರರ, ದೇವರಗುಡ್ಡರ ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳಿ. ಹಾಡಿಗಳಲ್ಲಿ ನಡೆದ ಹೋರಾಟದ ಕಥೆಯನ್ನು ಅಲ್ಲಿನವರ ಬಾಯಿಂದಲೇ ಬರೆಸಿ. ಮುಂದಿನ ತಲೆಮಾರಿಗೆ ಯಾರು ವೀರರೆಂದು ಹೇಳಿಕೊಡುವ ಹೊಣೆ ಈಗ ನಮ್ಮ ಮೇಲಿದೆ.