ಮರಳಿ ಬಂದ ಕಾವೇರಿ



ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಸಂಜೆ ಐದಕ್ಕೇ ಮನೆಯೊಳಗೆ ದೀಪ ಹಚ್ಚಬೇಕು. ತೋಟದ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಮಾತೂ ಸರಿಯಾಗಿ ಕೇಳಿಸುವುದಿಲ್ಲ. ಇಂಥ ದಿನಗಳಲ್ಲಿ, ಕರೆಂಟು ಕೃಪೆ ತೋರಿದರೆ, ಹಳೆಯ ಕನ್ನಡ ಚಿತ್ರವೊಂದನ್ನು ಮನೆಮಂದಿಯೆಲ್ಲ ಕುಳಿತು ನೋಡುವುದು ನಮ್ಮಲ್ಲಿ ಬಹಳ ವರ್ಷಗಳಿಂದ ನಡೆದುಬಂದ ರೂಢಿ. ನಿಮ್ಮ ಮನೆಯಲ್ಲಿಯೂ ಇಂಥದೊಂದು ರೂಢಿ ಇದ್ದೀತು. ‘ನಮ್ಮ ಕಾಲದ ಸಿನಿಮಾ ಅಂದ್ರೆ ಸಿನಿಮಾ’ ಎಂದು ಮಕ್ಕಳ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುವ ಅವಕಾಶವನ್ನು ಯಾವ ತಂದೆತಾಯಿಯೂ ಬಿಟ್ಟುಕೊಡುವುದಿಲ್ಲ.

ಕಳೆದ ಮಳೆಗಾಲದಲ್ಲಿ ನಾನು ಅಂಥ ಹೆಮ್ಮೆಯಿಂದಲೇ ನನ್ನ ಮಗಳಿಗೆ ತೋರಿಸಿದ ಚಿತ್ರ ‘ಶರಪಂಜರ’. ಚಿತ್ರ ಮುಗಿದ ಮೇಲೆ ಅವಳು ಕೇಳಿದ ಒಂದು ಸಣ್ಣ ಪ್ರಶ್ನೆಗೆ ಉತ್ತರಿಸಲಾಗದೆ ನಾನು ಸುಮ್ಮನೆ ಕುಳಿತೆ. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಈ ಚಿತ್ರ ತೆರೆಕಂಡದ್ದು 1971ರಲ್ಲಿ. ನಾಯಕಿಯ ಪಾತ್ರದಲ್ಲಿ ಕಲ್ಪನಾ, ಅವಳ ಪತಿಯಾಗಿ ಗಂಗಾಧರ್. ನಾಯಕಿಯ ಹೆಸರು ಕಾವೇರಿ. ತಲಕಾವೇರಿಯ ನಾಡಿನವರಾದ ನಮಗೆ ಆ ಹೆಸರೇ ಅರ್ಧ ನಂಟು. ಮಡಿಕೇರಿಯ ಸುತ್ತಮುತ್ತ ಚಿತ್ರಿಸಿದ ಹಾಡಿನ ದೃಶ್ಯಗಳು ಉಳಿದರ್ಧ ನಂಟನ್ನು ಕಟ್ಟಿಕೊಡುತ್ತಿದ್ದವು. ನಮ್ಮೂರಿನ ಟಾಕೀಸಿನಲ್ಲಿ ಈ ಚಿತ್ರ ಮರುಬಿಡುಗಡೆಯಾದಾಗಲೆಲ್ಲ ಜನ ಕಥೆಯನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ನಮ್ಮ ಮಂಜನ್ನೂ ನಮ್ಮ ಕಿತ್ತಳೆ ಗಿಡಗಳನ್ನೂ ಗುರುತು ಹಿಡಿಯುತ್ತಿದ್ದರು. ಮುಂದೆ 1990ರಲ್ಲಿ ರಾಜೇಂದ್ರ ಸಿಂಗ್ ಬಾಬು ಅವರ ‘ಮುತ್ತಿನ ಹಾರ’ ಬಂದು, ಕೊಡಗಿನ ಸೈನಿಕನೊಬ್ಬನ ಬದುಕನ್ನೇ ಕಥೆಯಾಗಿಸಿತು. ಅದಕ್ಕೂ ಮೊದಲು ಕೊಡಗು ಕನ್ನಡ ಚಿತ್ರರಂಗಕ್ಕೆ ಬಹುಪಾಲು ಹಾಡಿನ ಹಿನ್ನೆಲೆಯಾಗಿ, ಸುಖದ ಚಿತ್ರಪಟವಾಗಿಯೇ ಒದಗಿತ್ತು. ‘ಶರಪಂಜರ’ದಲ್ಲಿಯೂ ನವದಂಪತಿಗಳ ಸುಖಕ್ಕೆ ನಮ್ಮ ನೆಲ, ದುಃಖಕ್ಕೆ ಮಾತ್ರ ಊರಿನ ನಾಲ್ಕು ಗೋಡೆಗಳ ಮನೆ.

ಕಥೆ ನಿಮಗೆ ಗೊತ್ತಿರುವುದೇ. ಒಲಿದು ಮದುವೆಯಾದ ಕಾವೇರಿ ಸುಖವಾಗಿ ಸಂಸಾರ ನಡೆಸುತ್ತಾಳೆ. ಎರಡನೆಯ ಹೆರಿಗೆಯ ನಂತರ ಅವಳ ಮನಸ್ಸಿನ ಹಿಡಿತ ತಪ್ಪುತ್ತದೆ. ಮದುವೆಗೆ ಮೊದಲಿನ ಕಹಿ ನೆನಪೊಂದು ಆ ಸ್ಥಿತಿಯಲ್ಲಿ ಹೊರಬೀಳುತ್ತದೆ. ಆಸ್ಪತ್ರೆಗೆ ಸೇರುತ್ತಾಳೆ, ಚಿಕಿತ್ಸೆ ಪಡೆಯುತ್ತಾಳೆ, ಗುಣವಾಗಿ ಮನೆಗೆ ಮರಳುತ್ತಾಳೆ. ನಿಜವಾದ ಕಥೆ ಆರಂಭವಾಗುವುದು ಇಲ್ಲಿಂದಲೇ. ಕಾವೇರಿ ಮರಳಿ ಬಂದಿದ್ದಾಳೆ. ಅವಳನ್ನು ಮರಳಿ ಪಡೆಯಲು ಯಾರೂ ಸಿದ್ಧರಿಲ್ಲ. ಗಂಡ ದೂರ ಸರಿದು ಬೇರೊಬ್ಬಳತ್ತ ವಾಲಿದ್ದಾನೆ. ನೆರೆಹೊರೆಯ ಕಣ್ಣುಗಳು ಅವಳ ಪ್ರತಿಯೊಂದು ನಗುವಿನಲ್ಲಿಯೂ ರೋಗವನ್ನೇ ಹುಡುಕುತ್ತವೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆಯ ದಾರಿ ಹಿಡಿಯುತ್ತಾಳೆ.

ಬಾಲ್ಯದಲ್ಲಿ ನೋಡಿದಾಗ ನನ್ನ ನೆನಪಿನಲ್ಲಿ ಉಳಿದದ್ದು ಮೊದಲ ಭಾಗದ ಬಣ್ಣ ಮತ್ತು ಕೊನೆಯ ಭಾಗದ ಚೀರಾಟ. ಈ ಸಲ ನನ್ನನ್ನು ಹಿಡಿದು ನಿಲ್ಲಿಸಿದ್ದು ಇವೆರಡರ ನಡುವಿನ ಭಾಗ. ಅಲ್ಲಿ ದೊಡ್ಡದೇನೂ ನಡೆಯುವುದಿಲ್ಲ. ಒಬ್ಬ ಹೆಂಗಸು ತನ್ನದೇ ಮನೆಯಲ್ಲಿ ಅತಿಥಿಯಂತೆ ನಡೆದಾಡುತ್ತಾಳೆ. ಜೋರಾಗಿ ನಗಬಾರದು, ಜೋರಾಗಿ ಅಳಬಾರದು, ಕೋಪಿಸಿಕೊಳ್ಳಲಂತೂ ಕೂಡದು. ನಮಗೆಲ್ಲ ದಿನಕ್ಕೆ ಹತ್ತು ಸಲ ಬಂದು ಹೋಗುವ ಸಿಟ್ಟು ಅವಳಿಗೆ ಬಂದರೆ ಅದು ರೋಗದ ಲಕ್ಷಣ. ಗುಣವಾಗಿದ್ದೇನೆ ಎಂದು ಅವಳು ಹೇಳಿದಷ್ಟೂ ಕೇಳುವವರ ಅನುಮಾನ ಬೆಳೆಯುತ್ತದೆ. ಈ ಉಸಿರುಕಟ್ಟುವಿಕೆಯನ್ನು ಕಲ್ಪನಾ ಕಣ್ಣಿನಲ್ಲಿ, ತಡೆದ ಮಾತಿನಲ್ಲಿ, ಸೆರಗು ಸರಿಪಡಿಸುವ ಕೈಯಲ್ಲಿ ತೋರಿಸುತ್ತಾರೆ. ಕನ್ನಡ ಚಿತ್ರರಂಗದ ಅತ್ಯುತ್ತಮ ಅಭಿನಯಗಳ ಸಾಲಿನಲ್ಲಿ ಇದನ್ನು ಇಡುವಾಗ ಜನ ಉದಾಹರಿಸುವುದು ಕೊನೆಯ ದೃಶ್ಯಗಳನ್ನು. ನನ್ನ ಮತ ಈ ಮೌನದ ದೃಶ್ಯಗಳಿಗೆ.

ಹಾಗೆಂದು ಚಿತ್ರದಲ್ಲಿ ಕೊರತೆ ಇಲ್ಲವೆಂದಲ್ಲ. ಕೊನೆಯ ಭಾಗದಲ್ಲಿ ಅಭಿನಯವೂ ಸಂಗೀತವೂ ಕ್ಯಾಮರಾವೂ ಒಟ್ಟಾಗಿ ಏರುದನಿಗೆ ಹೋಗುತ್ತವೆ. ಕೆದರಿದ ಕೂದಲು, ಅಟ್ಟಹಾಸ, ಚೀತ್ಕಾರ: ಅಷ್ಟು ಹೊತ್ತು ಯಾವ ಭಯವನ್ನು ಚಿತ್ರ ಪ್ರಶ್ನಿಸುತ್ತ ಬಂದಿತ್ತೋ, ಕೊನೆಗೆ ಅದೇ ಭಯಕ್ಕೆ ತಾನೂ ರೂಪ ಕೊಟ್ಟುಬಿಡುತ್ತದೆ. ಟಾಕೀಸಿನಿಂದ ಹೊರಬಂದ ಪ್ರೇಕ್ಷಕ ಕಾವೇರಿಗಾಗಿ ಕಣ್ಣೊರೆಸಿಕೊಂಡನೇನೋ ಸರಿ, ಅದರ ಜೊತೆಗೆ ‘ಹುಚ್ಚು ಎಂದರೆ ಹೀಗಿರುತ್ತದೆ’ ಎಂಬ ಚಿತ್ರವನ್ನೂ ಮನೆಗೆ ಹೊತ್ತು ತಂದ. ಗಂಡನ ವಿಷಯದಲ್ಲಿಯೂ ಚಿತ್ರ ಇನ್ನಷ್ಟು ನಿಷ್ಠುರವಾಗಬಹುದಿತ್ತು. ಹೆಂಡತಿಯ ಎಂದೋ ಮುಗಿದ ನಿನ್ನೆಗೆ ಕ್ಷಮೆ ಇಲ್ಲದ ಆ ಮನೆಯಲ್ಲಿ ಗಂಡನ ಇಂದನ್ನು ಕೇಳುವವರೇ ಇಲ್ಲ. ನಿರ್ದೇಶಕರು ಇದನ್ನು ತೋರಿಸುತ್ತಾರೆ, ಆದರೆ ಅವನ ಮುಖದ ಮುಂದೆ ಕನ್ನಡಿ ಹಿಡಿಯುವಷ್ಟು ಹೊತ್ತು ನಿಲ್ಲುವುದಿಲ್ಲ.

ಇನ್ನು ಹಾಸ್ಯದ ಮಾತು. ಅದೇ ಟಾಕೀಸಿನಲ್ಲಿ, ಅದೇ ಮರದ ಬೆಂಚುಗಳ ಮೇಲೆ, ಕಾವೇರಿಗಾಗಿ ಅತ್ತ ವಾರದ ಮರುವಾರವೇ ನಾವು ನಗೆಚಿತ್ರಗಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ಅಂದಿನ ಅನೇಕ ಚಿತ್ರಗಳಲ್ಲಿ ಮುಖ್ಯ ಕಥೆಗೆ ಅಂಟಿಕೊಂಡ ಒಂದು ಹಾಸ್ಯದ ಎಳೆ ಇರುತ್ತಿತ್ತು. ತೊದಲುವವನು, ಕಿವಿ ಕೇಳದವನು, ದಪ್ಪ ಹೆಂಡತಿ, ಮೆಳ್ಳೆಗಣ್ಣಿನವನು, ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದವನು ಆ ಎಳೆಯ ಕಾಯಂ ಪಾತ್ರಗಳು. ತಲೆಗೆ ಬಕೆಟ್ ಮುಚ್ಚಿಕೊಂಡು ಓಡುವ ‘ಹುಚ್ಚ’ನನ್ನು ಕಂಡು ನಕ್ಕ ಬಾಯಿ, ಕಾವೇರಿಗಾಗಿ ಅತ್ತ ಕಣ್ಣು, ಎರಡೂ ನಮ್ಮದೇ. ಆ ಕಣ್ಣಿಗೂ ಈ ಬಾಯಿಗೂ ಪರಿಚಯವೇ ಇರಲಿಲ್ಲ.

ಹಳೆಯ ಹಾಸ್ಯವನ್ನೆಲ್ಲ ತಿಪ್ಪೆಗೆ ಎಸೆಯಬೇಕೆಂದು ನಾನು ಹೇಳುತ್ತಿಲ್ಲ. ಟಿ. ಎನ್. ಬಾಲಕೃಷ್ಣ ಅವರನ್ನು ನೆನೆಯಿರಿ. ಕಿವಿ ಸರಿಯಾಗಿ ಕೇಳಿಸದ ಈ ನಟ ನೂರಾರು ಚಿತ್ರಗಳಲ್ಲಿ ಎದುರಾಳಿಯ ಮಾತಿಗೆ ಕ್ಷಣ ತಪ್ಪದೆ ಮಾತು ಜೋಡಿಸಿದರು. ಅವರ ಸಂಭಾಷಣೆಯ ಲಯವನ್ನು ಮೆಚ್ಚಿ ನಕ್ಕ ನಮ್ಮಲ್ಲಿ ಅನೇಕರಿಗೆ ಅವರ ಕಿವುಡುತನ ಗೊತ್ತೇ ಇರಲಿಲ್ಲ. 2024ರಲ್ಲಿ ನಮ್ಮನ್ನಗಲಿದ ದ್ವಾರಕೀಶ್ ತಮ್ಮ ಎತ್ತರವನ್ನು ಕುರಿತ ಹಂಗಿಸುವ ಮಾತನ್ನೇ ಎತ್ತಿಕೊಂಡು ‘ಕುಳ್ಳ ಏಜೆಂಟ್ 000’ (1972), ‘ಪ್ರಚಂಡ ಕುಳ್ಳ’ (1984) ಎಂದು ಚಿತ್ರಗಳ ಹೆಸರಾಗಿಸಿದರು. ತನ್ನನ್ನು ತಾನೇ ನಕ್ಕು ಇತರರನ್ನು ನಗಿಸುವವನು ನಗುವಿನ ಒಡೆಯ. ಅವನ ಅಪ್ಪಣೆ ಇಲ್ಲದೆ ಅವನನ್ನು ನಗುವ ಹಕ್ಕು ಬೇರೆಯವರಿಗೆ ಅದರಿಂದ ಸಿಕ್ಕಿಬಿಡುವುದಿಲ್ಲ.

ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ (1990) ಚಿತ್ರವನ್ನು ಇಂದಿಗೂ ಮನೆಮಂದಿಯ ಜೊತೆ ನಿರಾತಂಕವಾಗಿ ನೋಡಬಹುದು. ಒಂದೇ ವಠಾರದಲ್ಲಿದ್ದು ದಿನವೂ ಜಗಳವಾಡುವ ಇಬ್ಬರು, ಎದುರಿಗಿರುವುದು ಯಾರೆಂದು ಅರಿಯದೆ ಪತ್ರಗಳಲ್ಲಿ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಅನಂತನಾಗ್ ಮತ್ತು ವಿನಯಾ ಪ್ರಸಾದ್ ಜೋಡಿಯ ಈ ಚಿತ್ರದಲ್ಲಿ ನಾವು ನಗುವುದು ಮನುಷ್ಯನ ಹುಸಿ ಜಂಭಕ್ಕೆ, ಕಣ್ಣೆದುರಿನ ಒಳ್ಳೆಯತನವನ್ನು ಕಾಣಲಾಗದ ಅವನ ಕುರುಡಿಗೆ. ಆ ನಗುವಿನಲ್ಲಿ ನೋಡುವವನೂ ಪಾಲುದಾರ. ಹಳೆಯ ಹಾಸ್ಯವನ್ನು ತೂಗಲು ನಾನು ಕಂಡುಕೊಂಡಿರುವ ತಕ್ಕಡಿ ಇಷ್ಟೇ: ನಾವು ಯಾರನ್ನು ಕಂಡು ನಗುತ್ತಿದ್ದೇವೋ ಆ ವ್ಯಕ್ತಿ ನಮ್ಮ ಪಕ್ಕದಲ್ಲಿಯೇ ಕುಳಿತಿದ್ದರೆ ಅವರೂ ನಗುತ್ತಿದ್ದರೇ?

ಈ ತಕ್ಕಡಿಯಲ್ಲಿ ಮೊದಲು ನಾನೇ ಕುಳಿತುಕೊಳ್ಳಬೇಕು. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಹತ್ತಿರದ ಕಾಫಿ ತೋಟದಲ್ಲಿ ರೈಟರಾಗಿದ್ದವರ ಹೆಂಡತಿ ಮಗು ಹೆತ್ತ ಮೇಲೆ ಕಾಯಿಲೆ ಬಿದ್ದರು. ಹಲವು ತಿಂಗಳು ಬೆಂಗಳೂರಿನ ಆಸ್ಪತ್ರೆಯಲ್ಲಿದ್ದು ಗುಣವಾಗಿ ಬಂದರು. ಅಚ್ಚುಕಟ್ಟಾಗಿ ಸೀರೆಯುಟ್ಟು, ಮಗುವನ್ನು ಎತ್ತಿಕೊಂಡು ನಮ್ಮ ಅಂಗಳದ ಮುಂದೆ ನಡೆದುಹೋಗುತ್ತಿದ್ದರು. ಹಿರಿಯರು ನಮಗೆ ‘ಆ ಕಡೆ ಹೋಗಬೇಡಿ’ ಎಂದಷ್ಟೇ ಹೇಳಿದ್ದರು. ಉಳಿದದ್ದನ್ನು ಸಿನಿಮಾ ಕಲಿಸಿತ್ತು. ಅವರು ಹಾದುಹೋಗುವಾಗ ನಾವು ಹುಡುಗರು ತಲೆಯ ಮೇಲೆ ಪಾತ್ರೆ ಮುಚ್ಚಿಕೊಂಡು, ಟಾಕೀಸಿನಲ್ಲಿ ಕಂಡ ಹುಚ್ಚನಂತೆ ಕುಣಿಯುತ್ತಿದ್ದೆವು. ಅವರು ತಿರುಗಿ ನೋಡುತ್ತಿರಲಿಲ್ಲ. ಒಂದು ಕ್ರಿಸ್‌ಮಸ್ ಸಮಯದಲ್ಲಿ ಅವರು ಬುಟ್ಟಿಯಲ್ಲಿ ಕಿತ್ತಳೆ ಹಣ್ಣು ತುಂಬಿಕೊಂಡು ನಮ್ಮ ಮನೆಯ ಮೆಟ್ಟಿಲವರೆಗೆ ಬಂದರು. ನಾವು ಬಾಗಿಲು ಹಾಕಿಕೊಂಡೆವು. ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ಹೋದರು. ಹಣ್ಣನ್ನು ಯಾರೂ ಮುಟ್ಟಲಿಲ್ಲ. ಮರುವರ್ಷ ಆ ಸಂಸಾರ ಬೇರೆ ತೋಟಕ್ಕೆ ಹೋಯಿತು. ಅವರು ಮತ್ತೆ ಆಸ್ಪತ್ರೆ ಸೇರಿದರೆಂದು ಯಾರೋ ಹೇಳಿದ ನೆನಪು.

ಹೆರಿಗೆಯ ನಂತರದ ಕೆಲವೇ ವಾರಗಳಲ್ಲಿ, ಸಾವಿರ ತಾಯಂದಿರಲ್ಲಿ ಒಬ್ಬಿಬ್ಬರಿಗೆ ಇಂಥ ತೀವ್ರ ಮನೋರೋಗ ಬರುವುದುಂಟು ಎಂಬುದು ಇಂದು ವೈದ್ಯಲೋಕಕ್ಕೆ ಚೆನ್ನಾಗಿ ತಿಳಿದ ವಿಷಯ. ಇದಕ್ಕೆ ಚಿಕಿತ್ಸೆ ಇದೆ, ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿಯನ್ನು ಮಗುವಿನಿಂದ ಬೇರ್ಪಡಿಸದೆ ಚಿಕಿತ್ಸೆ ನೀಡುವ ವಿಭಾಗ 2009ರಿಂದ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ, ಮನೆಯವರು ಸೇರಿಸಿಕೊಳ್ಳಲಿಲ್ಲ ಎಂಬ ಒಂದೇ ಕಾರಣಕ್ಕೆ ಗುಣವಾದವರನ್ನು ಆಸ್ಪತ್ರೆಯಲ್ಲಿಯೇ ಇರಿಸಿಕೊಳ್ಳುವಂತಿಲ್ಲ ಎನ್ನುತ್ತದೆ. ಮನಸ್ಸಿನ ಸಂಕಟಕ್ಕೆ ನೆರವು ಬೇಕಾದವರು 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ, ತಾವೇ ಹೆರಿಗೆಯಾದ ಕೆಲವೇ ದಿನಗಳಲ್ಲಿ. ಇಷ್ಟೆಲ್ಲ ಬರುವ ಎಷ್ಟೋ ಮೊದಲೇ ಆ ಲೇಖಕಿ ತಾಯಿಯೊಬ್ಬಳ ಈ ನೋವನ್ನು ಗುರುತಿಸಿ ಬರೆದಿದ್ದರು ಎಂಬುದನ್ನು ನೆನೆದಾಗ ತಲೆ ಬಾಗುತ್ತದೆ. ಆದರೆ ಯಾವ ಕಾಯ್ದೆಯೂ ಆಸ್ಪತ್ರೆಯ ಬಾಗಿಲನ್ನು ಮಾತ್ರ ತೆರೆಸಬಲ್ಲದು. ಮನೆಯ ಬಾಗಿಲು ನಮ್ಮ ಕೈಯಲ್ಲಿದೆ.

ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ, ಸಮಾಧಿಗಳ ನಡುವೆ ಅಲೆಯುತ್ತ, ಕಟ್ಟಿದ ಸರಪಳಿಗಳನ್ನು ಮುರಿಯುತ್ತಿದ್ದ ಒಬ್ಬ ಮನುಷ್ಯನ ಪ್ರಸಂಗ ಬರುತ್ತದೆ. ಯೇಸುಸ್ವಾಮಿ ಅವನನ್ನು ಗುಣಪಡಿಸಿದರು. ಪೂಜೆಯಲ್ಲಿ ಎಷ್ಟೋ ಸಲ ಕೇಳಿದ್ದರೂ ನಾನು ಗಮನಿಸದೆ ಬಿಟ್ಟಿದ್ದ ಒಂದು ವಿವರ ಅಲ್ಲಿದೆ. ಅವನು ಕೂಗಾಡುತ್ತಿದ್ದಾಗಲ್ಲ, ಬಟ್ಟೆ ತೊಟ್ಟು ಸ್ವಸ್ಥಚಿತ್ತನಾಗಿ ಕುಳಿತಿದ್ದುದನ್ನು ಕಂಡಾಗ ಊರಿನವರು ಹೆದರಿದರಂತೆ. ಗುಣವಾದವನನ್ನು ಕಂಡು ಹೆದರುವುದು ಎಷ್ಟು ಹಳೆಯ ರೋಗ! ಅವನು ತಮ್ಮೊಡನೆ ಬರುತ್ತೇನೆಂದು ಬೇಡಿಕೊಂಡರೂ ಸ್ವಾಮಿ ಒಪ್ಪಲಿಲ್ಲ. ಅವನನ್ನು ಅವನ ಮನೆಗೆ, ಅವನ ಜನರ ಬಳಿಗೆ ಕಳುಹಿಸಿದರು. ಆ ಮನೆಯವರು ಬಾಗಿಲು ತೆರೆದರೇ ಎಂಬುದನ್ನು ಶುಭಸಂದೇಶ ಹೇಳುವುದಿಲ್ಲ.

ಆದ್ದರಿಂದ, ಓದುಗರೇ, ಹಳೆಯ ಚಿತ್ರಗಳನ್ನು ಮತ್ತೆ ನೋಡಿ. ಒಬ್ಬರೇ ನೋಡಬೇಡಿ, ಮಕ್ಕಳನ್ನು ಕೂರಿಸಿಕೊಂಡು ನೋಡಿ. ಅವರಿಗೆ ಬೇಸರವಾಗುವ ಕಡೆ ಸುಮ್ಮನಿರಿ, ನಾವು ಅಂದು ನಕ್ಕಲ್ಲಿ ಅವರು ನಗದಿದ್ದರೆ ಕಾರಣ ಕೇಳಿ. ಒಳ್ಳೆಯ ಚಿತ್ರ ಈ ಪರೀಕ್ಷೆಗೆ ಹೆದರುವುದಿಲ್ಲ. ‘ಶರಪಂಜರ’ ತನ್ನ ಕೊರತೆಗಳ ಸಹಿತ ಅದನ್ನು ತಾಳಿಕೊಂಡಿದೆ. ತಾಳಿಕೊಳ್ಳಲಾಗದೆ ಹೋದದ್ದು ನಾನು.

ನನ್ನ ಮಗಳು ಕೇಳಿದ ಪ್ರಶ್ನೆ ಇದು: “ಅಪ್ಪಾ, ಅವರಿಗೆ ವಾಸಿಯಾಗಿತ್ತಲ್ಲಾ, ಮತ್ತೆ ಯಾಕೆ ಕಾಯಿಲೆ ಬಂತು?”

ಹೊರಗೆ ಮಳೆ ಸುರಿಯುತ್ತಿತ್ತು. ಚಿತ್ರದಲ್ಲಿ ಕಂಡಂಥ ಕಿತ್ತಳೆ ಗಿಡಗಳು ಈಗ ನಮ್ಮ ಸುತ್ತಿನ ತೋಟಗಳಲ್ಲಿ ಹುಡುಕಿದರೂ ಅಪರೂಪ. ನನ್ನ ಕಣ್ಣ ಮುಂದೆ ಇದ್ದದ್ದು ಮೆಟ್ಟಿಲ ಮೇಲಿನ ಒಂದು ಬುಟ್ಟಿ. ಆ ತಾಯಿ ಈಗ ಎಲ್ಲಿದ್ದಾರೋ ಅರಿಯೆ. ಮಗಳಿಗೆ ಮರುದಿನ ಬೆಳಿಗ್ಗೆ ಆ ಬುಟ್ಟಿಯ ಕಥೆಯನ್ನು ಹೇಳಿದೆ. ನನಗೆ ತಿಳಿದ ಉತ್ತರ ಅದೊಂದೇ ಆಗಿತ್ತು.